ಅರಮನೆಯ ಕೊಳಗಳು

ಮನೆಯ ಹಿತ್ತಲಲ್ಲಿ ಕೊಳ ಮಾಡುವುದೆಂದರೆ ಗುಂಡಿ ತೋಡಿ ನೀರು ತುಂಬುವುದಷ್ಟೇ ಅಲ್ಲ. ನೀರು ಎಲ್ಲಿಂದ ಬರಬೇಕು, ಮಿಂದವರು ಎಲ್ಲಿ ಕೂರಬೇಕು, ಬಿಸಿಲಿಗೆ ಮರೆ ಎಲ್ಲಿ, ಕಂಡವರ ಕಣ್ಣಿಗೆ ಮರೆ ಎಲ್ಲಿ ಎಂದು ಮೊದಲೇ ಯೋಚಿಸಬೇಕು. ನಮ್ಮ ಹಳ್ಳಿಮನೆಗಳಲ್ಲಿ ಬಚ್ಚಲು ಕಟ್ಟಿದವರು ಇಷ್ಟನ್ನೂ ಬಲ್ಲವರೇ. ಬಚ್ಚಲ ನೀರು ಸೀದಾ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ವಿಜಯನಗರದ ಅರಸರು ಇದೇ ಯೋಚನೆಯನ್ನು ಅರಮನೆಯ ಅಳತೆಯಲ್ಲಿ ಮಾಡಿದರು.

ಹಂಪಿಯ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂತು. ಶತಮಾನಗಳ ಕಾಲ ಮಣ್ಣಿನಡಿ ಇದ್ದದ್ದರಿಂದಲೋ ಏನೋ, ಅದರ ಅಂಚುಗಳು ಇಂದಿಗೂ ಚೂಪಾಗಿವೆ. ಸುಮಾರು 22 ಮೀಟರ್ ಚೌಕ, 7 ಮೀಟರ್ ಆಳ, ಐದು ಹಂತ. ಸುತ್ತಮುತ್ತ ಬೆಟ್ಟಬೆಟ್ಟವೇ ಕಣಶಿಲೆ ಬಿದ್ದಿದ್ದರೂ ಇದಕ್ಕೆ ಬಳಸಿದ್ದು ನಯವಾದ ಕರಿಕಲ್ಲು. ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೆಯದು ಎಂದು ಕಲ್ಲುಕುಟಿಗರು ಗುರುತು ಕೊರೆದಿದ್ದಾರೆ. ಎಲ್ಲವನ್ನೂ ಮೊದಲೇ ಕಡೆದು ಸಿದ್ಧಮಾಡಿ, ಆಮೇಲೆ ಜೋಡಿಸಿದ ಕೆಲಸ. ಪಕ್ಕದಲ್ಲೇ ಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಯಂಥ ಕಾಲುವೆ ನೀರು ತರುತ್ತಿತ್ತು. ಕೊಳಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಈ ಕಾಲುವೆಯೇ. ನೀರು ತಾನಾಗಿ ಹರಿಯಬೇಕಾದರೆ ಆ ಸಣ್ಣ ಇಳಿಜಾರನ್ನು ಉದ್ದಕ್ಕೂ ಕಾಯ್ದುಕೊಳ್ಳಬೇಕು. ಒಂದು ಕಂಬ ನಾಲ್ಕು ಬೆರಳು ಹೆಚ್ಚಾದರೂ ಕೆಟ್ಟಿತು.

ಕಮಲಾಪುರದ ದಾರಿಯಲ್ಲಿರುವ 'ರಾಣಿಯರ ಸ್ನಾನಗೃಹ'ದ್ದು ಬೇರೆ ಬಗೆ. ಹೊರಗಿನಿಂದ ಬೋಳು ಗೋಡೆ, ಸುತ್ತ ಕಂದಕ. ಒಳಗೆ ಕಾಲಿಟ್ಟರೆ ಕಮಾನುಗಳು, ಗಾರೆಯ ಕುಸುರಿ, ನೆರಳಿನ ಓಣಿ, ನಡುವೆ ಆಕಾಶಕ್ಕೆ ತೆರೆದ ಚೌಕ ಕೊಳ. ಕೊಳ ಸುಮಾರು 15 ಮೀಟರ್ ಚೌಕ, ಆಳ ಎರಡು ಮೀಟರಿಗೂ ಕಡಿಮೆ. ನಿಂತರೆ ಮುಳುಗುವಷ್ಟಿದ್ದೀತು, ಈಜಿಗೆ ಸಾಕು. ನಾಲ್ಕೂ ಕಡೆಯಿಂದ ಮುಂಚಾಚಿದ ಮೊಗಸಾಲೆಗಳು ನೀರಿನ ಮೇಲೇ ಬಾಗಿವೆ.

ಒಮ್ಮೆ ಶಾಲೆಯ ಪ್ರವಾಸದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಆ ಮೊಗಸಾಲೆಗಳನ್ನೇ ನೋಡುತ್ತ, "ಟೀಚರ್, ಇಷ್ಟು ಕಿಟಕಿ ಇಟ್ಟು ರಾಣಿಗೆ ಸ್ನಾನ ಮಾಡು ಅಂದ್ರೆ ಹೆಂಗೆ ಮಾಡ್ತಾಳೆ ರೀ?" ಎಂದಳು. ಗಂಡುಹುಡುಗರು ನಕ್ಕರು. ನಾನು ನಗಲಿಲ್ಲ. ಅದು ಇತಿಹಾಸಕಾರರು ಕೇಳಬೇಕಾದ ಪ್ರಶ್ನೆಯೇ. ಈ ಕಟ್ಟಡ ರಾಣೀವಾಸದ ಎತ್ತರದ ಗೋಡೆಯೊಳಗಿಲ್ಲ, ಅಲ್ಲಿಂದ ದೂರದಲ್ಲಿದೆ. ಅರಸನೂ ಅವನ ಆಪ್ತರೂ ವಿಹರಿಸುತ್ತಿದ್ದ ಜಾಗ ಇದಾಗಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. 'ರಾಣಿ' ಎಂಬ ಹೆಸರು ನಂತರದವರು ಅಂಟಿಸಿದ್ದು. ಚೆಂದದ ಕಟ್ಟಡ ಕಂಡರೆ ಹೆಂಗಸರ ಹೆಸರಿಟ್ಟುಬಿಡುವುದು ಹಂಪಿಯಲ್ಲಿ ಒಂದು ಚಾಳಿಯಾಗಿದೆ, ಕಮಲ ಮಹಲಿನ ಸುತ್ತಲೂ ಇಂಥ ಕಥೆಗಳಿವೆ. ಹೆಂಗಸರಿಗೆ ಅದರಿಂದ ಬಂದ ಲಾಭ ಬರೀ ಹೆಸರು.

ಈ ಕೊಳಗಳ ಹೂಳನ್ನು ಬೇಸಿಗೆಯಲ್ಲಿ ಯಾರು ಎತ್ತುತ್ತಿದ್ದರು? ಕಾಲುವೆಯ ಸಂದಿಗೆ ಗಾರೆ ಯಾರು ಮೆತ್ತುತ್ತಿದ್ದರು? ನಮ್ಮ ಪಠ್ಯಪುಸ್ತಕದಲ್ಲಿ 1565ರ ಯುದ್ಧಕ್ಕೆ ಕೊಟ್ಟ ಪುಟದ ಕಾಲುಭಾಗವೂ ಇವರಿಗಿಲ್ಲ. ಕಲ್ಲುಕುಟಿಗರಾದರೂ ಗುರುತು ಬಿಟ್ಟುಹೋದರು, ಅದೂ ತಮ್ಮ ಹೆಸರಲ್ಲ, ಕಲ್ಲಿನ ಲೆಕ್ಕ.

ರಾಣೀವಾಸದ ಗೋಡೆಯೊಳಗೆ, ಕಮಲ ಮಹಲಿಗೆ ಹೋಗುವವರು ದಾಟಿಕೊಂಡೇ ಹೋಗುವ ಕಡೆ, ಜಲಮಹಲು ಎಂದು ಕರೆಯುವ ಇನ್ನೊಂದು ನೀರಿನ ಕಟ್ಟಡದ ತಳಪಾಯವಿದೆ. ಮೇಲಿನದೆಲ್ಲ ಬಿದ್ದುಹೋಗಿದೆ. ಆ ಹುಡುಗಿಯನ್ನೂ ಉಳಿದವರನ್ನೂ ಅಲ್ಲಿಗೆ ಕರೆದೊಯ್ದು ನಿಲ್ಲಿಸಿದೆ. ಅವಳು ಗೋಡೆಯ ಎತ್ತರ ನೋಡಿ, "ಇಲ್ಲಿ ಆದ್ರೆ ಸರಿ" ಎಂದಳು.