ಸರ್ಕಾರಿ ಶಾಲೆಗಳಲ್ಲಿ ಧರ್ಮಚಿಹ್ನೆ ಮತ್ತು ನೀತಿಪಾಠ: ಮಂಡ್ಯ ಸೀಮೆ, ಕರ್ನಾಟಕ

ಸರ್ಕಾರಿ ಶಾಲೆಯಲ್ಲಿ ಧರ್ಮಕ್ಕೆ ಎಷ್ಟು ಜಾಗ ಎಂಬ ಚರ್ಚೆ ಕರ್ನಾಟಕದಲ್ಲಿ ಪಠ್ಯಪುಸ್ತಕಕ್ಕೇ ನಿಂತಿಲ್ಲ. ಮಕ್ಕಳ ಉಡುಪು, ಶಾಲೆಯ ಗೋಡೆ, ಬಿಸಿಯೂಟದ ತಟ್ಟೆಯವರೆಗೂ ಹಬ್ಬಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಅದು ನಡೆಯಬಹುದಾದರೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಆದಿಚುಂಚನಗಿರಿಯಂಥ ಮಠಗಳೇ ಶಾಲೆ ನಡೆಸುವ ಮಂಡ್ಯ ಜಿಲ್ಲೆಯಲ್ಲಿ ಈ ವ್ಯತ್ಯಾಸಕ್ಕೆ ತೂಕವಿದೆ. ಆದರೆ ಸರಸ್ವತಿ ಪೂಜೆ, ಗಣೇಶನ ಹಬ್ಬ ಬೋಧನೆಯೋ ಬರೀ ಆಚರಣೆಯೋ ಎಂಬುದನ್ನು ವಿಧಿ ಬಿಡಿಸಿ ಹೇಳಿಲ್ಲ. ಜಗಳಗಳು ಹುಟ್ಟಿದ್ದು ಈ ಸಂದಿನಲ್ಲೇ.

ಧರ್ಮಬೋಧನೆ ಬೇಡವಾದರೆ ನೀತಿಯನ್ನು ಕಲಿಸುವುದು ಹೇಗೆ ಎಂದು ಕೇಂದ್ರ ಸರ್ಕಾರ 1959ರಲ್ಲಿ ಶ್ರೀಪ್ರಕಾಶ ಸಮಿತಿಯನ್ನು ಕೇಳಿತು. 1964–66ರ ಕೊಠಾರಿ ಆಯೋಗವು ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದಿತು. ಕರ್ನಾಟಕದಲ್ಲಿ 2011ರ ಭಗವದ್ಗೀತಾ ಅಭಿಯಾನ ಶಾಲೆಗಳೊಳಗೆ ಬಂದಾಗ ಈ ಗೆರೆಯ ಬಗ್ಗೆಯೇ ವಾದ ಎದ್ದಿತು. 2022ರಲ್ಲಿ ಗುಜರಾತ್ ಗೀತೆಯನ್ನು ಶಾಲೆಗೆ ತರುವುದಾಗಿ ಹೇಳಿದಾಗ, ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ನೀತಿ ಶಿಕ್ಷಣದ ಹೆಸರಲ್ಲಿ ಇಲ್ಲಿಯೂ ಅದು ಆಗಬಹುದೆಂದರು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಸಂವಿಧಾನ ಪೀಠಿಕೆಯ ಓದನ್ನು ಕಡ್ಡಾಯ ಮಾಡಿತು.

ಎಲ್ಲಕ್ಕಿಂತ ದೊಡ್ಡ ವಿವಾದ ಹಿಜಾಬ್‌ನದು. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡಲಿಲ್ಲ. 2022ರ ಫೆಬ್ರವರಿ 5ರಂದು ಸರ್ಕಾರ, 1983ರ ಶಿಕ್ಷಣ ಕಾಯ್ದೆಯಡಿ ಸಮವಸ್ತ್ರದ ಆದೇಶ ಹೊರಡಿಸಿತು. ಮೂರು ದಿನಕ್ಕೆ ಗಲಾಟೆ ಮಂಡ್ಯಕ್ಕೆ ಬಂತು. ಫೆಬ್ರವರಿ 8ರಂದು ಪಿ.ಇ.ಎಸ್. ಕಾಲೇಜಿನ ಆವರಣದಲ್ಲಿ ಬುರ್ಖಾ ತೊಟ್ಟ ವಿದ್ಯಾರ್ಥಿನಿಯೊಬ್ಬಳು ಸ್ಕೂಟರ್ ನಿಲ್ಲಿಸಿ ನಡೆದಳು. ಕೇಸರಿ ಶಾಲು ಹೊದ್ದ ಹುಡುಗರು ‘ಜೈ ಶ್ರೀರಾಮ್’ ಎಂದು ಕೂಗುತ್ತ ಹಿಂದೆ ಬಂದರು. ಅವಳು ತಿರುಗಿ ‘ಅಲ್ಲಾಹು ಅಕ್ಬರ್’ ಎಂದಳು. ಸಿಬ್ಬಂದಿ ಅವಳನ್ನು ಒಳಗೆ ಕರೆದೊಯ್ದರು. ಕೆಲವೇ ಕ್ಷಣಗಳ ಆ ದೃಶ್ಯವನ್ನು ಜಗತ್ತೇ ನೋಡಿತು. ಕಾಲೇಜಿನ ಅಂಗಳದಲ್ಲೇ ಎಳೆಯರು ಎದುರುಬದುರು ನಿಂತದ್ದು ಅದರಲ್ಲಿ ಕಂಡ ಅತಿ ನೋವಿನ ಸಂಗತಿ. ಯಲಿಯೂರಿನಂಥ ಸುತ್ತಲಿನ ಊರುಗಳಿಗೆ ಮಂಡ್ಯವೇ ಹತ್ತಿರದ ಪೇಟೆ. ಅಲ್ಲಿನ ಮನೆಗಳಿಗೆ ಇದು ದೂರದ ಸುದ್ದಿಯಾಗಿರಲಿಲ್ಲ.

ಅಂದೇ ಸರ್ಕಾರ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಿತು. ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸಮಂಜಸವಾದ ನಿರ್ಬಂಧ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಒಡೆಯಿತು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು, ನ್ಯಾ. ಸುಧಾಂಶು ಧುಲಿಯಾ ಅವನ್ನು ಪುರಸ್ಕರಿಸಿ, ಹೆಣ್ಣುಮಕ್ಕಳ ಓದನ್ನೇ ಮುಂದಿಟ್ಟು ಬರೆದರು. ಧರ್ಮಗ್ರಂಥದಲ್ಲಿ ಏನಿದೆ ಎಂಬುದಕ್ಕಿಂತ, ಹುಡುಗಿ ತರಗತಿಗೆ ಬರುತ್ತಾಳೆಯೇ ಎಂಬ ಈ ಪ್ರಶ್ನೆ ಶಾಲೆಗೆ ಹೆಚ್ಚು ಹತ್ತಿರದ್ದು. ಪ್ರಕರಣವನ್ನು ವಿಸ್ತೃತ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಲಾಯಿತು.

ಮುಂದೆ ಜಗಳ ಗೋಡೆಗೆ ಬಂತು. ಕೈಮುಗಿದು ಒಳಗೆ ಬರಲು ಹೇಳುವ ಬರಹವನ್ನು 2024ರ ಫೆಬ್ರವರಿಯಲ್ಲಿ ಕೆಲವು ವಸತಿ ಶಾಲೆಗಳಲ್ಲಿ ‘ಧೈರ್ಯವಾಗಿ ಪ್ರಶ್ನಿಸಿ’ ಎಂದು ಬದಲಿಸಿದಾಗ ವಿಧಾನಮಂಡಲದಲ್ಲೂ ಗದ್ದಲವಾಯಿತು. 2025ರ ಏಪ್ರಿಲ್‌ನಲ್ಲಿ ಅದು ಪರೀಕ್ಷಾ ಕೊಠಡಿಗೂ ತಲುಪಿತು: ಸಿಇಟಿ ಪ್ರವೇಶ ಪರೀಕ್ಷೆಯ ಕೇಂದ್ರಗಳಲ್ಲಿ ಜನಿವಾರ ತೆಗೆಯಲು ಹೇಳಿದ ದೂರುಗಳು ಶಿವಮೊಗ್ಗ, ಬೀದರ್‌ಗಳಿಂದ ಬಂದವು.

ಅದೇ ವರ್ಷ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ವಿಷಯ ಮೊಟ್ಟೆಯದು. ವೀರಭದ್ರೇಶ್ವರ ದೇವಸ್ಥಾನ ಹತ್ತಿರವಿರುವ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಒಂದಷ್ಟು ಪೋಷಕರು, ಮಕ್ಕಳಿಗೆ ಮೊಟ್ಟೆ ಬೇಕೆಂದು ಮತ್ತೊಂದಷ್ಟು ಪೋಷಕರು ಪಟ್ಟು ಹಿಡಿದರು. ಮೊಟ್ಟೆ ಕೊಡುವುದೆಂದು ತೀರ್ಮಾನವಾದ ಮೇಲೆ, ವಿರೋಧಿಸಿದ ಹಲವರು ವರ್ಗಾವಣೆ ಪತ್ರ (ಟಿ.ಸಿ.) ಪಡೆದು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು.