ಬೇಗೂರಿನ ಕಲ್ಲೂ ಟೆಡಿಂಗ್ಟನ್ನಿನ ಕುದುರೆಯೂ

ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ನಾನು ಹೋದದ್ದು ಶಾಸನ ನೋಡಲೆಂದು. ಸುಮಾರು ಕ್ರಿ.ಶ. 890ರ ಕಲ್ಲು ಅದು. ಬೆಂಗಳೂರು ಎಂಬ ಹೆಸರು ಅದರಲ್ಲಿ ಬರುವುದು ಒಂದು ಕಾಳಗದ, ಒಂದು ಸಾವಿನ ವಾರ್ತೆಯಲ್ಲಿ. ಗಂಗರ ಕಡೆಯ ನಾಗತ್ತರನ ಮಗ ಆ ಕಾಳಗದಲ್ಲಿ ಮಡಿದನಂತೆ. ಬೇಗೂರಿನದೇ ಆದ ಇನ್ನೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ನಾಗತ್ತರನೇ ಬಿದ್ದ ಕಥೆ ಅದು. ಆನೆ ಕುದುರೆಗಳ ನೂಕುನುಗ್ಗಲನ್ನು ಶಿಲ್ಪಿ ಅಲ್ಲಿ ಕಡೆದಿದ್ದಾನೆ.

ಯಾರು ಸತ್ತರು, ಆಮೇಲೆ ಯಾರಿಗೆ ಊರುಗಳು ದೊರೆತವು ಎಂಬುದನ್ನೆಲ್ಲ ಕಲ್ಲು ಹೇಳುತ್ತದೆ. ಗಾಯಕ್ಕೂ ಸಾವಿಗೂ ನಡುವಿನ ಗಳಿಗೆಯಲ್ಲಿ ಆ ದೇಹ ತನ್ನನ್ನು ಉಳಿಸಿಕೊಳ್ಳಲು ಏನೇನು ಹೆಣಗಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಅದು ನಮಗೆ ತಿಳಿದದ್ದು ಬಹುಮಟ್ಟಿಗೆ ಮೂಕಪ್ರಾಣಿಗಳಿಂದ.

ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯಿದ್ದ. ಕೆಲಸಕ್ಕೆ ಬಾರದೆಂದು ಕೊಲ್ಲಬೇಕಾಗಿದ್ದ ಒಂದು ಹೆಣ್ಣುಕುದುರೆಯನ್ನು ಕಟ್ಟಿ ಕೆಡವಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನೂ ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನೂ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಏರಿ ನಿಂತಿತು. ಬಳಿಕ ಸ್ವಲ್ಪ ಸ್ವಲ್ಪವಾಗಿ ರಕ್ತ ತೆಗೆಯುತ್ತ, ಪ್ರತಿಸಲವೂ ಎತ್ತರವನ್ನು ಅಳೆದ. ಮಟ್ಟ ಇಳಿಯಿತು, ಆದರೆ ಒಂದೇ ಸಮನೆ ಇಳಿಯಲಿಲ್ಲ, ನಡುನಡುವೆ ಮತ್ತೆ ಏರಿತು. 1733ರಲ್ಲಿ ಅವನು ಇದನ್ನು ಅಚ್ಚುಹಾಕಿಸಿದ. ಒಳ್ಳೆಯ ಮನುಷ್ಯ, ಕೈಗೆ ಇಷ್ಟು ರಕ್ತ ಮೆತ್ತಿಕೊಂಡನಲ್ಲಾ ಎಂದು ನೆರೆಯ ಕವಿ ಪೋಪನಿಗೆ ಬೇಸರವಿತ್ತು. ಆ ಬೇಸರ ನನಗೂ ಇದೆ. ಆದರೆ ಸಾಯುತ್ತಿದ್ದ ಕುದುರೆ ಸುಮ್ಮನೆ ಸೋಲಲಿಲ್ಲ ಎಂಬುದಕ್ಕೂ ಆ ನಳಿಗೆಯೇ ಸಾಕ್ಷಿ.

ಸೋಲದಂತೆ ಹಿಡಿದದ್ದು ಯಾವುದು? ಮೊದಲು ನರಗಳು, ಅವುಗಳ ಹಿಂದೆಯೇ ಹಾರ್ಮೋನುಗಳು. 1895ರಲ್ಲಿ ಆಲಿವರ್, ಶೇಫರ್ ಇಬ್ಬರೂ ಪಿಟ್ಯುಟರಿ ಗ್ರಂಥಿಯ ಸಾರವು ರಕ್ತದೊತ್ತಡವನ್ನು ಏರಿಸುವುದನ್ನು ಕಂಡರು. 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದಿಂದ ‘ರೆನಿನ್’ ತೆಗೆದರು. ಹೃದಯವಂತೂ ಬರಿಯ ಪಂಪು ಎಂದೇ ಎಲ್ಲರ ಭಾವನೆಯಾಗಿತ್ತು. 1981ರಲ್ಲಿ ಕೆನಡಾದ ಡಿ ಬೋಲ್ಡ್ ಮತ್ತವನ ಸಂಗಡಿಗರು ಇಲಿಯ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಉಪ್ಪೂ ನೀರೂ ಮೂತ್ರದಲ್ಲಿ ಹೊರಟು ಹೋದವು, ಒತ್ತಡ ಇಳಿಯಿತು. ಹೃದಯವೂ ಒಂದು ಗ್ರಂಥಿಯೇ!

ರಕ್ತ ಸೋರಿದಾಗ ನಡೆಯುವುದು ಮನೆಯ ಯಜಮಾನನ ಲೆಕ್ಕಾಚಾರ. ಆದಾಯ ಬಿದ್ದೊಡನೆ ಖರ್ಚು ನಿಲ್ಲಬೇಕು. ಹೃತ್ಕರ್ಣಕ್ಕೆ ಬರುವ ರಕ್ತ ಕಡಮೆಯಾಗಿ ಅದರ ಗೋಡೆಯ ಬಿಗಿ ತಗ್ಗುತ್ತದೆ. ನೀರನ್ನು ಹೊರಹಾಕಿಸುವ ಅದರ ಹಾರ್ಮೋನು ಕುಗ್ಗುತ್ತದೆ. ಮೂತ್ರಪಿಂಡ ರೆನಿನ್ನನ್ನು ಸುರಿಸುತ್ತದೆ. ಅದರಿಂದ ಹುಟ್ಟುವ ಆಂಜಿಯೊಟೆನ್ಸಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪನ್ನು ಹಿಡಿದಿಡಿಸುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ. ಪಿಟ್ಯುಟರಿಯ ವಾಸೊಪ್ರೆಸಿನ್ ನೀರು ಪೋಲಾಗದಂತೆ ತಡೆಯುತ್ತದೆ. ಶರಶಯ್ಯೆಯ ಭೀಷ್ಮ ಬೇಡಿದ್ದು ನೀರನ್ನಲ್ಲವೆ? ವ್ಯಾಸರು ಹಾರ್ಮೋನು ಅರಿಯರು, ಗಾಯಗೊಂಡವರನ್ನು ಬಲ್ಲರು.

ಈ ಜಿಪುಣತನಕ್ಕೂ ಮಿತಿಯುಂಟು. ಬಿಗಿದ ನಾಳಗಳು ಬಹಳ ಹೊತ್ತು ಬಿಗಿದೇ ಇದ್ದರೆ ಮೂತ್ರಪಿಂಡ, ಕರುಳುಗಳೇ ಹಸಿದು ಕೆಡುತ್ತವೆ. ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಕಂಡ ವಾಲ್ಟರ್ ಕ್ಯಾನನ್ 1918ರಲ್ಲೇ ಎಚ್ಚರಿಸಿದ್ದ: ಸೋರುವ ಗಾಯವನ್ನು ಕಟ್ಟುವ ಮೊದಲೇ ಒತ್ತಡ ಏರಿಸಿದರೆ ಉಳಿದ ರಕ್ತವೂ ಹರಿದುಹೋದೀತು. ದೇಹ ಕೊಡುವುದು ಸ್ವಲ್ಪ ಕಾಲಾವಕಾಶವನ್ನು ಮಾತ್ರ; ಉಳಿಸಬೇಕಾದವರು ನೆರೆದವರು.

ಒಮ್ಮೆ ನಾನೂ 350 ಮಿಲಿಲೀಟರು ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಮನೆಗೆ ನಡೆದು ಬಂದೆ. ಅಂದು ನಾಗತ್ತರನ ಮಗನಿಗೆ ಇದ್ದ ಹಾರ್ಮೋನುಗಳೇ ನನ್ನಲ್ಲಿಯೂ ದುಡಿದಿರಬೇಕು. ಅವನಿಗೆ ಅವು ಗಳಿಸಿಕೊಟ್ಟ ಗಳಿಗೆಯಲ್ಲಿ ಮತ್ತೊಬ್ಬರ ರಕ್ತವನ್ನು ತಂದು ತುಂಬುವವರಿರಲಿಲ್ಲ. ಕಲ್ಲು ನಿಲ್ಲಿಸುವವರು ಮಾತ್ರ ಇದ್ದರು.