ಮುಂಬಯಿಗೆ ಬಂದ ಸಂಸಾರ, ಜೊತೆಗೆ ಬಂದ ಜೀವಗಳು

ಊರಿನಿಂದ ಮುಂಬಯಿಗೆ ವರ್ಗವಾಗಿ ಬರುವವರು ನಮ್ಮಂಥ ಹಳಬರಿಗೆ ಫೋನು ಮಾಡಿ ಕೇಳುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ನಾನು ಮದುವೆಯಾಗಿ ಬಂದ ಕಾಲದಲ್ಲಿ "ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ?" ಎಂದು ಕೇಳುತ್ತಿದ್ದರು. ಆಮೇಲೆ "ಸ್ಟೇಷನ್ನಿಗೆ ಎಷ್ಟು ದೂರ? ಮಕ್ಕಳಿಗೆ ಯಾವ ಶಾಲೆ?" ಎಂಬುದು ಬಂತು. ಈಗ ಇವುಗಳ ಜೊತೆಗೆ ಇನ್ನೊಂದು ಸೇರಿದೆ: "ನಮ್ಮಲ್ಲಿ ನಾಯಿ ಇದೆ. ಸೊಸೈಟಿಯವರು ಒಪ್ಪುತ್ತಾರಾ?"

ಈ ಪ್ರಶ್ನೆಯ ಬೆನ್ನು ಹಿಡಿದು ನಗರದ ಚರಿತ್ರೆಯನ್ನು ಓದುತ್ತ ಹೋದಾಗ ನನಗೊಂದು ಮಾತು ಹೊಳೆಯಿತು. ಮುಂಬಯಿಯಲ್ಲಿ ಒಳಗೆ ಜಾಗವಿಲ್ಲವೆಂದು ಬಾಗಿಲ ಹೊರಗೆ ನಿಂತವರಲ್ಲಿ ನಾಯಿ ಬೆಕ್ಕುಗಳು ಮೊದಲಿನವಲ್ಲ. ಅವುಗಳಿಗಿಂತ ಮೊದಲು ಹೆಂಗಸರೂ ಮಕ್ಕಳೂ ಅಲ್ಲಿ ನಿಂತಿದ್ದರು.

1854ರಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿಗೆ ಅಡಿಪಾಯ ಬಿದ್ದಲ್ಲಿಂದ ಈ ನಗರ ಕೈಗಳನ್ನು ಕರೆಯುತ್ತಲೇ ಬಂತು, ಆದರೆ ಸಂಸಾರಗಳನ್ನು ಕರೆಯಲಿಲ್ಲ. 1911ರ ಜನಗಣತಿಯಲ್ಲಿ ಇಲ್ಲಿ ಸಾವಿರ ಗಂಡಸರಿಗೆ ಇದ್ದ ಹೆಂಗಸರು 530ರ ಆಸುಪಾಸು. ಅಂದರೆ ಪ್ರತಿ ಇಬ್ಬರು ಗಂಡಸರಲ್ಲಿ ಒಬ್ಬನ ಹೆಂಡತಿಯೋ ತಾಯಿಯೋ ಊರಿನಲ್ಲೇ ಉಳಿದಿದ್ದಳು ಎಂದುಕೊಳ್ಳಬಹುದು. ನಮ್ಮ ಕರಾವಳಿಯ ಕಥೆಯೂ ಅದೇ. ಮಂಗಳೂರು ಕಡೆಯಿಂದ ಹಡಗು ಹತ್ತಿ ಬಂದ ಹುಡುಗರು ಹೊಟೇಲಿನಲ್ಲಿ ದುಡಿದು, ರಾತ್ರಿ ಅಲ್ಲೇ ಬೆಂಚುಗಳನ್ನು ಜೋಡಿಸಿ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಗದ್ದೆ, ಕೊಟ್ಟಿಗೆ, ಅತ್ತೆ ಮಾವ, ಮಕ್ಕಳು ಎಲ್ಲವನ್ನೂ ನೋಡಿಕೊಂಡು ತಿಂಗಳ ಮನಿ ಆರ್ಡರಿಗಾಗಿ ಪೋಸ್ಟ್‌ಮ್ಯಾನನ ದಾರಿ ಕಾದವರು ನಮ್ಮ ಅಜ್ಜಿಯರು.

ಸಂಸಾರವನ್ನು ಕರೆತರಲು ಮನಸ್ಸಿಲ್ಲದೆ ಅಲ್ಲ, ಜಾಗವಿಲ್ಲದೆ. ಒಂದು ಖೋಲಿಯನ್ನು ಹಲವು ಗಂಡಸರು ಹಂಚಿಕೊಂಡು, ಪಾಳಿಯ ಮೇಲೆ ಮಲಗುತ್ತಿದ್ದರು. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡು ಜನ ಊರು ಬಿಟ್ಟು ಓಡಿದ ಮೇಲೆಯೇ ಸರಕಾರಕ್ಕೆ ವಸತಿಯ ಚಿಂತೆ ಹತ್ತಿದ್ದು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. 1920ರ ದಶಕದಲ್ಲಿ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಬಿಡಿಡಿ ಚಾಳುಗಳು ಎದ್ದವು. ಒಟ್ಟು 207 ಕಟ್ಟಡಗಳು. ಒಂದೊಂದು ಖೋಲಿ 160 ಚದರಡಿ. ಅಡುಗೆ, ನಿದ್ದೆ, ಬಾಣಂತನ, ಮಕ್ಕಳ ಓದು ಎಲ್ಲವೂ ಅಷ್ಟರಲ್ಲೇ. ಈಗ ಅವುಗಳ ಪುನರಾಭಿವೃದ್ಧಿಯಲ್ಲಿ 500 ಚದರಡಿಯ ಮನೆ ಸಿಗುತ್ತಿದೆ ಎಂದರೆ, ಮೂರು ಖೋಲಿಗಳಷ್ಟು ಜಾಗಕ್ಕೆ ಆ ಕುಟುಂಬಗಳು ನೂರು ವರ್ಷ ಕಾದವು ಎಂದಾಯಿತು.

ಇಂಥ ಖೋಲಿಗಳಿಗೆ ಬಂದ ಹೆಂಗಸರು ಸುಮ್ಮನೆ ಕೂರಲಿಲ್ಲ. ಗಿರಣಿಗೆ ಹೋದರು, ಹೋಗದವರು ಖಾನಾವಳಿ ನಡೆಸಿದರು. ಒಂಟಿ ಕಾರ್ಮಿಕರಿಗೆ ದಿನವೂ ಬಿಸಿ ಅನ್ನ, ಭಾಕ್ರಿ ಹಾಕಿ ತಮ್ಮ ಖೋಲಿಯ ಬಾಡಿಗೆ ಹುಟ್ಟಿಸಿಕೊಂಡರು. ಸಾಲಕ್ಕಾಗಿ ಸೇಠನ ಮುಂದೆ ಕೈಚಾಚುತ್ತಿದ್ದ ಈ ತಾಯಂದಿರನ್ನು 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಲದಲ್ಲಿ ಒಗ್ಗೂಡಿಸಿದ್ದು ನಮ್ಮಂಥ ಮಹಿಳಾ ವಿಭಾಗಗಳು ನೆನೆಯಬೇಕಾದ ಸಂಗತಿ.

ಇನ್ನು ನಾವು ಕನ್ನಡ ನಾಡಿನವರು ಹೆಮ್ಮೆಪಡಬೇಕಾದ ಅಧ್ಯಾಯ. ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತರು ಕೆನರಾ ಜಿಲ್ಲೆಗಳಿಂದ ಗುಮಾಸ್ತರು, ಶಿಕ್ಷಕರು, ವಕೀಲರಾಗಿ ಬಂದವರು. ಸಂಬಳ ಸಣ್ಣದು, ಬಾಡಿಗೆ ದೊಡ್ಡದು. ಇವರಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿ ಎಂಬವರು 1906ರಲ್ಲಿ ಶ್ಯಾಮರಾವ್ ವಿಠ್ಠಲ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಇಂದಿನ ಎಸ್‌ವಿಸಿ ಬ್ಯಾಂಕು ಅದೇ. ಕೈಸಾಲದ ತೊಂದರೆ ನೀಗಿದ ಮೇಲೆ ಅವರ ದೃಷ್ಟಿ ಮನೆಯ ಕಡೆ ಹೊರಳಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಭಾರತದ ಸಹಕಾರಿ ವಸತಿ ಚಳವಳಿಯ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ಉಪಾಯ ಸರಳ: ಒಬ್ಬನಿಗೆ ಎಟುಕದ ಜಾಗವನ್ನು ಹತ್ತು ಮಂದಿ ಸೇರಿ ಕೊಳ್ಳುವುದು, ಎಲ್ಲರೂ ಪಾಲುದಾರರಾಗಿ ಸಂಘದ ಮನೆಯಲ್ಲಿ ಇರುವುದು. ಮನೆ ಖಾಲಿ ಮಾಡು ಎನ್ನುವ ಮಾಲೀಕನ ಭಯವಿಲ್ಲ. ಊರಿನಿಂದ ಹೆಂಡತಿ ಮಕ್ಕಳನ್ನು ಧೈರ್ಯವಾಗಿ ಕರೆತರಬಹುದು. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರು ಹೊತ್ತು ನಿಂತಿದೆ.

ಸ್ವಾತಂತ್ರ್ಯ ಬಂದ ವರ್ಷವೇ ಬಾಡಿಗೆ ನಿಯಂತ್ರಣ ಕಾಯಿದೆಯೂ ಬಂತು. 1940ರ ಬಾಡಿಗೆಯನ್ನೇ ಆಧಾರವಾಗಿಟ್ಟುಕೊಂಡು ದರ ಕಟ್ಟಿದ್ದರಿಂದ, ಒಳಗಿದ್ದವರು ಉಳಿದುಕೊಂಡರು. ಹೊಸಬರು ಪಗಡಿ ತೆತ್ತು ಒಳಸೇರಬೇಕಾಯಿತು. ಮಾಲೀಕರು ರಿಪೇರಿಯ ಗೋಜಿಗೆ ಹೋಗಲಿಲ್ಲ, ಬಾಡಿಗೆಗೆಂದೇ ಕಟ್ಟುವವರು ಕಡಿಮೆಯಾದರು. ಆಗ ಮಧ್ಯಮವರ್ಗಕ್ಕೆ ಉಳಿದ ದಾರಿ ಸ್ವಂತ ಫ್ಲ್ಯಾಟು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆ, 1963ರ ಫ್ಲ್ಯಾಟ್ ಮಾಲೀಕತ್ವದ ಕಾಯಿದೆ ಬಂದ ಮೇಲೆ ದಾದರಿನಿಂದ ಡೊಂಬಿವಿಲಿಯವರೆಗೆ ಸೊಸೈಟಿಗಳೇ ಸೊಸೈಟಿಗಳು. ಗಾಮದೇವಿಯ ಆ ಬೀಜದ ಮರದ ನೆರಳಲ್ಲೇ ಇಂದು ನಮ್ಮಲ್ಲಿ ಬಹುತೇಕರು ವಾಸವಾಗಿದ್ದೇವೆ.

ಮೂಕ ಜೀವಗಳ ಚರಿತ್ರೆ ಇದಕ್ಕಿಂತಲೂ ಹಳೆಯದು. ಬೀದಿನಾಯಿಗಳನ್ನು ಕೊಲ್ಲಲು ಕಂಪನಿ ಸರಕಾರ ಆಜ್ಞೆ ಹೊರಡಿಸಿತ್ತು. ತಲೆಗಿಷ್ಟು ಎಂದು ಇನಾಮು ಇದ್ದುದರಿಂದ, ಸಾಕಿದ ನಾಯಿಗಳಿಗೂ ಉಳಿಗಾಲವಿರಲಿಲ್ಲ. 1832ರ ಜೂನ್ 6ರಂದು ಕೋಟೆ ಪ್ರದೇಶದ ಪಾರ್ಸಿಗಳು ಇದರ ವಿರುದ್ಧ ಸಿಡಿದೆದ್ದರು. ಹಿಂದೂಗಳೂ ಜೊತೆಗೂಡಿದರು. ಅಂಗಡಿಗಳು ಮುಚ್ಚಿದವು, ಕೊಲಾಬಾದ ಸೈನಿಕರಿಗೆ ಹೋಗುವ ದಿನಸಿಯೂ ನಿಂತಿತು. ನಾಯಿಗಳಿಗಾಗಿ ಒಂದು ನಗರವೇ ಹರತಾಳ ಮಾಡಿದ ಘಟನೆ ಅದು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಷೆಡ್ಜಿ ಜೀಜೀಭಾಯ್ ಮುಂತಾದ ವ್ಯಾಪಾರಿಗಳು ಅನಾಥ ಪ್ರಾಣಿಗಳಿಗಾಗಿ ಪಾಂಜರಾಪೋಳವನ್ನು ಸ್ಥಾಪಿಸಿದರು. 1874ರಲ್ಲಿ ಪ್ರಾಣಿದಯಾ ಸಂಘ ಬಂತು. 1880ರ ದಶಕದಲ್ಲಿ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆ ತೆರೆಯಿತು. ಅದಕ್ಕೆ ದಿನ್ಷಾ ಪೆಟಿಟ್ ಅವರ ಪತ್ನಿ ಬಾಯಿ ಸಕರಬಾಯಿಯವರ ಹೆಸರು. ನಮ್ಮವರು ಇಂದಿಗೂ ನಾಯಿ ಬೆಕ್ಕುಗಳನ್ನು ಎತ್ತಿಕೊಂಡು ಓಡುವುದು ಅಲ್ಲಿಗೇ.

ಆದರೆ ಜಾಗದ ಬೆಲೆ ಏರಿದಂತೆ ಪ್ರಾಣಿಗಳು ಹೊರಗೆ ಹೊರಗೆ ಸರಿದವು. ನಗರದೊಳಗಿದ್ದ ಎಮ್ಮೆ ತಬೇಲಾಗಳನ್ನು ಎತ್ತಿ ಊರ ಹೊರಗೆ ಸಾಗಿಸಲೆಂದು 1949ರಲ್ಲಿ ಆರೆ ಕಾಲೊನಿ ಆರಂಭವಾಯಿತು. ಉಳಿದುಕೊಂಡದ್ದು ಚಾಳಿನ ಬೆಕ್ಕು. ಪ್ಲೇಗು ಕಂಡ ಊರಿನಲ್ಲಿ ಇಲಿ ಹಿಡಿಯುವ ಬೆಕ್ಕನ್ನು ಯಾರು ಬೇಡವೆಂದಾರು? ನಮ್ಮತ್ತೆ ಕುಂದಾಪುರದ ಕಡೆಯಿಂದ ಪರೇಲಿನ ಖೋಲಿಗೆ ಬಂದಾಗ, ಕೊಟ್ಟಿಗೆಯ ಮೂರು ದನಗಳನ್ನು ಬಿಟ್ಟು ಬಂದ ಸಂಕಟವನ್ನು ಗ್ಯಾಲರಿಯ ಒಂದು ಕರಿಬೆಕ್ಕಿನ ಮೇಲೆ ತೀರಿಸಿಕೊಂಡರಂತೆ. "ಅದಕ್ಕೆ ಯಜಮಾನ ಅಂತ ಯಾರೂ ಇರಲಿಲ್ಲ ಮಾರಾಯ್ತಿ, ಒಬ್ಬರ ಮನೇಲಿ ಹಾಲು, ಇನ್ನೊಬ್ಬರ ಮನೇಲಿ ಬಂಗಡೆ ತಲೆ" ಎನ್ನುತ್ತಿದ್ದರು. ಚಾಳಿನ ಬಾಗಿಲುಗಳು ಹಗಲೆಲ್ಲ ತೆರೆದಿರುತ್ತಿದ್ದುದರಿಂದ, ಬೆಕ್ಕು ಯಾರ ಮನೆಯದು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಫ್ಲ್ಯಾಟಿನ ಬಾಗಿಲು ಮುಚ್ಚಿದ ಮೇಲೆ ಪ್ರಾಣಿಗೆ ಮಾಲೀಕ ಬಂದ, ಮಾಲೀಕನಿಗೆ ನಿಯಮ ಬಂತು.

ಆ ನಿಯಮದ ರುಚಿ ಕಂಡವಳು ಕಳೆದ ವರ್ಷ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗಳು. ಗಂಡ, ಆರು ವರ್ಷದ ಮಗ, ಹನ್ನೊಂದು ವರ್ಷದ ಮುದಿ ನಾಯಿ. ರೈಲಿನಲ್ಲಿ ನಾಯಿಯನ್ನು ಜೊತೆಗಿಟ್ಟುಕೊಳ್ಳಲು ಫಸ್ಟ್ ಕ್ಲಾಸಿನ ಇಡೀ ಕೂಪೆ ಅಥವಾ ಕ್ಯಾಬಿನ್ ಬೇಕು, ಇಲ್ಲವಾದರೆ ಗಾರ್ಡಿನ ಡಬ್ಬಿಯ ಗೂಡು. ಮುದಿ ಜೀವಕ್ಕೆ ಅದು ಬೇಡವೆಂದು ಕಾರಿನಲ್ಲೇ ಬಂದರು. ಮುಂದಿನದು ಬ್ರೋಕರನ ಕೂಡೆ ಅಲೆದಾಟ. ಒಂದು ಕಡೆ ಮಾಲೀಕರು ಎರಡರಷ್ಟು ಠೇವಣಿ ಕೇಳಿದರು. ಇನ್ನೊಂದು ಸೊಸೈಟಿಯಲ್ಲಿ ಎಲ್ಲ ಮುಗಿದು ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಸಹಿ ಬೀಳುವ ಮುನ್ನಾದಿನ "ಜನರಲ್ ಬಾಡಿಯ ಠರಾವು ಇದೆ, ನಾಯಿಗೆ ಅನುಮತಿ ಇಲ್ಲ" ಎಂದರು. ಪರಿಚಿತರೊಬ್ಬರು "ಬೆಂಗಳೂರಿನಲ್ಲೇ ಯಾರಿಗಾದರೂ ಕೊಟ್ಟುಬಿಡಿ" ಎಂದು ಸಲಹೆಯನ್ನೂ ಕೊಟ್ಟರು. ಅವಳ ಮಗ ಅದನ್ನು ಕೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಆಫೀಸಿನಿಂದ ಒಂದೂವರೆ ಗಂಟೆ ದೂರದಲ್ಲಿ ಮನೆ ಸಿಕ್ಕಿತು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ಸಾಕುಪ್ರಾಣಿಗಳನ್ನು ಸೊಸೈಟಿಗಳು ಬಹುಮತದಿಂದಲೂ ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬೇರೆ ಶುಲ್ಕ ಹಾಕುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇಂಥ ನಿಷೇಧದ ಉಪನಿಯಮಗಳು ಸಲ್ಲವೆಂದು ಕೇರಳ ಹೈಕೋರ್ಟು 2021ರಲ್ಲಿ ತೀರ್ಪಿತ್ತಿದೆ. ಸಾಕುವವರಿಗೂ ಹೊಣೆಯಿದೆ: ಪಾಲಿಕೆಯ ಲೈಸೆನ್ಸು, ರೇಬೀಸ್ ಚುಚ್ಚುಮದ್ದು, ಹೊರಗೆ ಹೋದಾಗ ಕೈಯಲ್ಲಿ ಹಗ್ಗ, ಹೊಲಸನ್ನು ತೆಗೆಯಲು ಕಾಗದ. ನಾಯಿಗೆ ಹೆದರುವ ಮಕ್ಕಳು, ಅಜ್ಜಂದಿರ ಭಯವೂ ಸುಳ್ಳಲ್ಲ. ಲಿಫ್ಟಿನಲ್ಲಿ ಅವರು ಮೊದಲು ಹೋಗಲಿ ಎಂದು ನಿಂತರೆ ನಷ್ಟವೇನೂ ಇಲ್ಲ. ಮಾರ್ಗಸೂಚಿ ತೋರಿಸಿ ಜಗಳ ಗೆಲ್ಲಬಹುದು, ನೆರೆಹೊರೆ ಗೆಲ್ಲಲಾಗದು.

ನಮ್ಮ ಸದಸ್ಯೆಯರಲ್ಲಿ ಹಲವರು ಸೊಸೈಟಿ ಕಮಿಟಿಗಳಲ್ಲಿದ್ದೀರಿ, ಕೆಲವರು ಕಾರ್ಯದರ್ಶಿಗಳೂ ಆಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಸೊಸೈಟಿ ಎಂಬುದು ಬಾಡಿಗೆಯ ಬೆಂಕಿಗೆ ಬೆಂದ ಗುಮಾಸ್ತರು ತಮ್ಮ ಸಂಸಾರಕ್ಕೆ ಸೂರು ಬೇಕೆಂದು ಕಟ್ಟಿಕೊಂಡ ವ್ಯವಸ್ಥೆ. ಸಂಸಾರವೆಂದರೆ ಯಾರು ಯಾರು ಎಂಬ ಲೆಕ್ಕವನ್ನು ಅಂದು ಮನೆಯವರೇ ಹಾಕಿಕೊಂಡಿದ್ದರು. ಮುಂದಿನ ಜನರಲ್ ಬಾಡಿಯಲ್ಲಿ "ನಾಯಿ ಇದ್ದವರಿಗೆ ಮನೆ ಬೇಡ" ಎಂಬ ಠರಾವು ಬಂದರೆ, ಕೈ ಎತ್ತುವ ಮೊದಲು ಒಂದು ಮಾತು ಕೇಳಿ: ಬರುವವರು ಎಲ್ಲಿಂದ ಬರುತ್ತಿದ್ದಾರೆ, ಮನೆಯಲ್ಲಿ ಮಕ್ಕಳೆಷ್ಟು, ನಾಯಿಗೆ ವಯಸ್ಸೆಷ್ಟು. ಹೊಸದಾಗಿ ಬಂದವರನ್ನು ಹೀಗೆ ವಿಚಾರಿಸಿಕೊಳ್ಳುವುದು ನಮ್ಮ ಊರುಗಳ ರೂಢಿ.